ದೋಣಿಮನೆಯ ಕಂಬದ ಹೊಸ ಗೆರೆ

ಒಂದಾನೊಂದು ಕಾಲದಲ್ಲಿ, ಈ ನದಿಗೆ ಇನ್ನೂ ಸೇತುವೆ ಇಲ್ಲದಾಗ, ದಡದ ಮೇಲೆ ಎರಡು ಬಗೆಯ ಜನರಿದ್ದರು. ಹೊಟ್ಟೆಪಾಡಿಗೆ ಹುಟ್ಟು ಹಾಕುವವರು ಒಂದು ಕಡೆ, ಹೊಟ್ಟೆ ಕರಗಿಸಲು ಹುಟ್ಟು ಹಾಕುವವರು ಇನ್ನೊಂದು ಕಡೆ. ಎರಡನೆಯವರು ವಕೀಲರು, ವೈದ್ಯರು, ಕಚೇರಿಯ ಹಿರಿಯ ಗುಮಾಸ್ತರು. ಅವರು ಕ್ಲಬ್ ಕಟ್ಟಿದರು, ದೋಣಿಮನೆ ಎಬ್ಬಿಸಿದರು, ಮೊದಲ ಪಂದ್ಯಕ್ಕೆ ಊರಿಗೆಲ್ಲ ಡಂಗುರ ಹೊಡೆಸಿದರು. ಅಂಬಿಗರು ಬಂದು, ತಮ್ಮತಮ್ಮಲ್ಲೇ ಹರಟೆ ಹೊಡೆಯುತ್ತ ಗೆದ್ದು ಹೋದರು. ಮರುದಿನವೇ ಕ್ಲಬ್ಬಿನ ಪುಸ್ತಕದಲ್ಲಿ ಒಂದು ನಿಯಮ ಮೂಡಿತು: ಕೈಕೆಲಸದಿಂದ ಬದುಕುವವನು ಪಂದ್ಯದ ದೋಣಿಯಲ್ಲಿ ಕೂರತಕ್ಕದ್ದಲ್ಲ.

ನೂರು ವರ್ಷ ಕಳೆಯಿತು. ನದಿಗೆ ಮೂರು ಸೇತುವೆ ಬಂದವು. ಆ ಹಳೆಯ ಕತೆಯ ಬಾಲ ಹಿಡಿದಂತೆ, ಸೋಮವಾರ ಬೆಳಿಗ್ಗೆ 7.40ಕ್ಕೆ ಕ್ಲಬ್ಬಿನ ಕಾರ್ಯದರ್ಶಿ ಠಾಣೆಯ ಮೆಟ್ಟಿಲು ಹತ್ತಿದರು.

"ದೋಣಿ ಕಳುವಾಗಿದೆ, ಮೇಡಂ."

"ಎಷ್ಟು ದೊಡ್ಡದು?" ಇನ್‌ಸ್ಪೆಕ್ಟರ್ ಕೇಳಿದರು.

"ಹದಿನೆಂಟು ಮೀಟರ್. ಎಂಟು ಜನ ಹುಟ್ಟು ಹಾಕೋದು. ಅರವತ್ತು ವರ್ಷದ ಹಳೇ ಮರದ ದೋಣಿ."

"ಜೇಬಿಗೆ ಇಳಿಸ್ಕೊಂಡು ಹೋಗೋ ವಸ್ತುವಲ್ಲ. ಯಾರ ಮೇಲಾದ್ರೂ ಅನುಮಾನ?"

"ಎದುರು ದಡದ ಕ್ಲಬ್ಬಿನೋರು. ನಮ್ಮ ನೂರನೇ ವರ್ಷದ ಸಮಾರಂಭ ಅವರ ಕಣ್ಣು ಚುಚ್ತಿದೆ. ಬುಧವಾರ ಆ ದೋಣಿನ ನಡುವಿಗೆ ಕುಯ್ದು ಕ್ಯಾಂಟೀನಿಗೆ ಕೌಂಟರ್ ಮಾಡಿಸ್ಬೇಕಿತ್ತು."

"ಕಳ್ಳರು ಬಿಟ್ಟಿದ್ರೆ ನೀವೇ ಮುಗಿಸ್ತಿದ್ರಿ ಅನ್ನಿ. ಇರಲಿ. ಬುಧವಾರದೊಳಗೆ ದೋಣಿ ಇಡಿಯಾಗಿ ನಿಮ್ಮ ಮನೆ ಸೇರುತ್ತೆ. ಇದು ನನ್ನ ಮಾತು."

8.05ಕ್ಕೆ ಎಫ್‌ಐಆರ್ ದಾಖಲಾಯಿತು. ನಿಮಿಷ ಬಿಡದೆ ಸಮಯ ಬರೆದುಕೊಳ್ಳುವ ಹೆಡ್ ಕಾನ್‌ಸ್ಟೆಬಲ್‌ಗೆ ಠಾಣೆಯಲ್ಲಿ ಗಡಿಯಾರ ಎಂದೇ ಹೆಸರು. ಅವನು ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ಜೀಪು ಹತ್ತಿದ.

ದೋಣಿಮನೆಯಲ್ಲಿ ವಾರ್ನಿಷಿನ ವಾಸನೆ, ಒದ್ದೆ ಹಗ್ಗದ ವಾಸನೆ. ನದಿ ಮುಂಜಾನೆ ಒಳಗೆ ಬಂದು ಹಿಂದಿರುಗಿತ್ತು. ನೆಲದ ಮೇಲೆ ತೆಳ್ಳಗೆ ಕೆಸರು. ಬೀದಿ ಕಡೆಯ ಬೀಗ ಗಟ್ಟಿಯಾಗಿತ್ತು. ನದಿ ಕಡೆಯ ಬಾಗಿಲ ಅಗಣಿಯನ್ನು ಒಳಗಿನಿಂದಲೇ ತೆಗೆಯಲಾಗಿತ್ತು. ಮೇಲಿನ ಅಟ್ಟಣೆಗಳಲ್ಲಿ ಮಿಕ್ಕ ದೋಣಿಗಳು ಬೋರಲು ಮಲಗಿದ್ದವು; ತಳದ ಅಟ್ಟಣೆ ಮಾತ್ರ ಖಾಲಿ. ಇಬ್ಬರು ಪಂಚರ ಎದುರು 9.20ಕ್ಕೆ ಪಂಚನಾಮೆ ಶುರುವಾಯಿತು.

"ಎಂಟು ಜನ ಎತ್ತೋ ಭಾರ," ಎಂದ ಗಡಿಯಾರ. "ಎಂಟು ಜನ ಬಂದಿದ್ರೆ ಯಾರಾದ್ರೂ ಒಬ್ಬ ಕೆಮ್ಮಿರ್ತಿದ್ದ. ಪಕ್ಕದ ಮನೆ ನಾಯಿ ಸಹ ಬೊಗಳಿಲ್ಲವಂತೆ."

ಇನ್‌ಸ್ಪೆಕ್ಟರ್ ನದಿ ಕಡೆಯ ಬಾಗಿಲಕಂಬದ ಮುಂದೆ ನಿಂತರು. ಕಂಬದ ತುಂಬ ಉಳಿಯಿಂದ ಕೊರೆದ ಅಡ್ಡಗೆರೆಗಳು. ಪ್ರತಿ ಗೆರೆಯ ಪಕ್ಕ ತಾರೀಖು, ಗಂಟೆ: ನದಿ ಎಂದು, ಎಷ್ಟು ಎತ್ತರ ಏರಿತ್ತು ಎಂಬ ಲೆಕ್ಕ. ಹಳೆಯವು ಕಪ್ಪಾಗಿದ್ದವು. ನೆಲದಿಂದ ಎರಡು ಗೇಣು ಎತ್ತರದ ಒಂದು ಗೆರೆ ಮಾತ್ರ ಹಸಿ ಮರದಂತೆ ಬೆಳ್ಳಗಿತ್ತು. ಇಂದಿನ ತಾರೀಖು. 5.10.

"ನೀವು ಎಷ್ಟು ಗಂಟೆಗೆ ಬಂದ್ರಿ?"

"ಆರೂವರೆ," ಎಂದರು ಕಾರ್ಯದರ್ಶಿ. "ಅಷ್ಟೊತ್ತಿಗೆ ನೀರು ಮೆಟ್ಟಿಲಿಗೆ ಇಳಿದಿತ್ತು."

"ಈ ಗೆರೆ ಯಾರು ಕೊರೀತಾರೆ?"

"ನಮ್ಮ ಬೀಗದಕ್ಕ. ಉಗ್ರಾಣ, ಬೀಗದಕೈ ಎಲ್ಲ ನೋಡ್ಕೊಳ್ಳೋಳು. ಮುಂಚೆ ಅವಳಪ್ಪ ಕೊರೀತಿದ್ದ. ಆದ್ರೆ ಅವಳು ಶನಿವಾರದಿಂದ ರಜೆ, ಅಪ್ಪಂಗೆ ಹುಷಾರಿಲ್ಲ ಅಂತ."

"ದೋಣಿ ತಳದ ಅಟ್ಟಣೆಗೆ ಬಂದಿದ್ದು ಯಾವಾಗ?"

"ಹೋದ ವಾರ. ಒರೆಸ್ಬೇಕು ಅಂತ ಹುಡುಗರ ಕೈಲಿ ಅವಳೇ ಇಳಿಸಿ ಅಂಗಾತ ಇಡಿಸಿದ್ಲು."

ಇನ್‌ಸ್ಪೆಕ್ಟರ್ ಖಾಲಿ ಅಟ್ಟಣೆಯ ಎತ್ತರ ಅಳೆದರು. ಒಂದೂವರೆ ಗೇಣು.

"ಬರ್ಕೋ, ಗಡಿಯಾರ. ದೋಣಿನ ಯಾರೂ ಎತ್ತಿಲ್ಲ. ನೀರೇ ಎತ್ತಿಕೊಟ್ಟಿದೆ. ತೇಲೋ ದೋಣಿನ ಹೊರಗೆ ತಳ್ಳೋಕೆ ಒಬ್ಬರು ಸಾಕು."

"ಕಳ್ಳಿ ಹಾಜರಿ ಹಾಕಿ ಹೋಗಿದಾಳೆ ಅನ್ನಿ!"

"ಹಾಕದೇ ಇರೋಕೆ ಆಗಿಲ್ಲ. ಅಪ್ಪನ ಕಾಲದಿಂದ ಒಂದು ನೆರೇನೂ ತಪ್ಪಿಸದ ಕೈ ಅದು."

11.45ಕ್ಕೆ ಜೀಪು ಕೆಳಹರಿವಿನ ಹಳೆಯ ಮರದ ಡಿಪೊ ತಲುಪಿತು. ಡಿಪೊದ ಹಿಂದೆ ನದಿಯ ಒಂದು ಸಣ್ಣ ಕವಲು, ಅದರ ದಡದಲ್ಲಿ ಬೀಗದಕ್ಕನ ತಗಡಿನ ಮನೆ. ಮನೆಯೆದುರು ಸ್ಟೂಲಿನ ಮೇಲೆ ಎಂಬತ್ತಾರರ ಮುದುಕ ನೀರಿಗೆ ಬೆನ್ನು ಹಾಕಿ ಕೂತಿದ್ದ. ಅವನ ಹಿಂದೆ, ಟಾರ್ಪಾಲಿನಡಿ, ಹದಿನೆಂಟು ಮೀಟರ್ ಉದ್ದದ ಏನೋ ಮೆಲ್ಲಗೆ ತೂಗುತ್ತಿತ್ತು.

ಐವತ್ತರ ಹೆಂಗಸು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಬೇಗ ಬಂದ್ರಿ."

"ನೀವೇ ವಿಳಾಸ ಕೆತ್ತಿದ್ರಲ್ಲ," ಎಂದರು ಇನ್‌ಸ್ಪೆಕ್ಟರ್. "ಒಬ್ಬರೇ ತಂದ್ರಾ?"

"ಒಬ್ಬಳೇ. ಹರಿವು ತಂತು, ನಾನು ಬರೀ ಗಳ ಹಿಡಿದೆ."

"ಯಾಕೆ?"

ಅವಳು ಅಪ್ಪನ ಕಡೆ ನೋಡಿದಳು. "ಈ ದೋಣಿ ಮಾಡಿದ್ದು ಅಪ್ಪ. ಆ ಕ್ಲಬ್ಬಿಗೆ ಹನ್ನೊಂದು ದೋಣಿ ಮಾಡಿದಾರೆ. ಒಂದರಲ್ಲೂ ಕೂತಿಲ್ಲ, ಕೈಕೆಲಸದೋರು ಅಂತ. ನಿಯಮ ಹೋಗಿ ಎಷ್ಟೋ ವರ್ಷ ಆಯ್ತು. ನಾನು ಮೂರು ಸಲ ಕೇಳಿದೆ, ಒಂದೇ ಒಂದು ಸಲ ಚುಕ್ಕಾಣಿ ಹಿಡೀಲಿ ಅಂತ. ಮುಂದಿನ ವರ್ಷ ನೋಡೋಣ ಅಂದ್ರು. ಈಗ ಕುಯ್ತೀವಿ ಅಂದ್ರು. ಕೂರಿಸ್ತೀನಿ ಅಂತ ಅಪ್ಪಂಗೆ ಮಾತು ಕೊಟ್ಟಿದ್ದೆ."

"ಕೂತ್ರಾ?"

"ಎಲ್ಲಿ. ಬೆಳಿಗ್ಗೆಯಿಂದ ಆ ಕಡೆ ತಿರುಗಿ ಸಹ ನೋಡಿಲ್ಲ."

ಮುದುಕ ಗಂಟಲು ಸರಿಮಾಡಿಕೊಂಡ. "ಕದ್ದ ದೋಣಿಲಿ ಕೂತು ಸಾಯೋ ವಯಸ್ಸಲ್ಲಿ ಕಳ್ಳ ಅನ್ನಿಸ್ಕೊಳ್ಳಲಾ? ನನ್ನ ಮಗಳು ನನ್ನ ಹಾಗೇ ಮೊಂಡಿ, ತಾಯಿ. ಆದ್ರೆ ಲೆಕ್ಕ ತಪ್ಪಿಲ್ಲ ನೋಡಿ. ನೆರೆ ಇಷ್ಟೇ ಬರುತ್ತೆ ಅಂದ್ಲು, ಅಷ್ಟೇ ಬಂತು."

12.10ಕ್ಕೆ ಬೀಗದಕ್ಕನ ಬಂಧನವಾಯಿತು. ಜಪ್ತಿ ಮಹಜರು ಬರೆಯುತ್ತ ಗಡಿಯಾರ ತಲೆ ಕೆರೆದುಕೊಂಡ.

"ಮೇಡಂ, ಇದನ್ನ ಸಾಗಿಸೋದು ಹೇಗೆ? ಇಷ್ಟುದ್ದದ ಲಾರಿ ಜಿಲ್ಲೆಯಲ್ಲೇ ಇಲ್ಲ."

"ಬಂದ ದಾರಿಲೇ. ಕ್ಲಬ್ಬಿಗೆ ಫೋನ್ ಮಾಡು, ಎಂಟು ಜನ ಹುಟ್ಟುಗಳ ಸಮೇತ ಬರಲಿ."

ಮೂರೂವರೆಗೆ ಎಂಟು ಯುವಕರು ಬಂದರು, ಹಿಂದೆಯೇ ಕಾರ್ಯದರ್ಶಿ. ಚುಕ್ಕಾಣಿಯ ಹಗ್ಗಗಳನ್ನು ನೋಡಿ ಯುವಕರು ಮುಖ ಮುಖ ನೋಡಿಕೊಂಡರು. ಇಂಥ ಹಳೇ ಕಟ್ಟು ಅವರಿಗೆ ಗೊತ್ತಿರಲಿಲ್ಲ.

"ಗೊತ್ತಿರೋರು ಒಬ್ಬರಿದಾರೆ," ಎಂದರು ಇನ್‌ಸ್ಪೆಕ್ಟರ್. "ಅಜ್ಜ, ಇದು ಕದ್ದ ದೋಣಿಯಲ್ಲ ಈಗ. ಪೊಲೀಸರು ಜಪ್ತಿ ಮಾಡಿದ ಮುದ್ದಾಮಾಲು. ದೋಣಿಮನೆಗೆ ತಲುಪಿಸೋದು ಸರ್ಕಾರಿ ಕೆಲಸ. ಬರ್ತೀರಾ?"

ಮುದುಕ ಮೊದಲ ಬಾರಿಗೆ ಹಿಂತಿರುಗಿ ನೋಡಿದ. "ಬರವಣಿಗೆಯಲ್ಲಿ ಕೊಡ್ತೀರಾ?"

ಗಡಿಯಾರ ಆಗಲೇ ಬರೆಯುತ್ತಿದ್ದ.

"ಬುಧವಾರ ಬಡಗಿ ಬರ್ತಾನೆ, ಮೇಡಂ," ಕಾರ್ಯದರ್ಶಿ ನೆನಪಿಸಿದರು.

"ಕೋರ್ಟಲ್ಲಿ ಕೇಸ್ ಮುಗಿಯೋ ತನಕ ಇದಕ್ಕೆ ಗರಗಸ ಮುಟ್ಟಿಸೋ ಹಾಗಿಲ್ಲ. ಕೇಸ್ ಎಷ್ಟು ವರ್ಷ ನಡೆಯುತ್ತೆ ಅಂತ ನಿಮ್ಮ ಕ್ಲಬ್ಬಿನ ವಕೀಲರನ್ನೇ ಕೇಳಿ."

ಜೀಪು ದಡದ ರಸ್ತೆಯಲ್ಲಿ ದೋಣಿಯ ಜೊತೆಜೊತೆಗೇ ಸಾಗಿತು. ಹಿಂದಿನ ಸೀಟಿನಲ್ಲಿ ಬೀಗದಕ್ಕ, ಕಿಟಕಿಗೆ ಹಣೆ ಒತ್ತಿ. ಇನ್‌ಸ್ಪೆಕ್ಟರ್ ಮಡಿಲಲ್ಲಿ ಕೇಸ್ ಡೈರಿ ತೆರೆದು ಕೃತ್ಯದ ಉದ್ದೇಶ ಎಂಬಲ್ಲಿ ಬರೆದರು: ಲಾಭವಲ್ಲ. ತಂದೆಗೆ ಕೊಟ್ಟ ಮಾತು.

ನೀರಿನ ಮೇಲಿಂದ ಮುದುಕನ ದನಿ ಕೇಳುತ್ತಿತ್ತು. "ನೀರಿಗೆ ಹೊಡೀಬೇಡ್ರೋ, ಅದೇನು ನಿಮ್ಮ ಸಾಲಗಾರನಾ? ಬೆನ್ನು ನೆಟ್ಟಗೆ. ಒಟ್ಟಿಗೆ."

ಎಂಟು ಹುಟ್ಟುಗಳು ಒಂದಾಗಿ ಎದ್ದವು, ಒಂದಾಗಿ ಇಳಿದವು. ಸಂಜೆ 4.52ಕ್ಕೆ ದೋಣಿ ದೋಣಿಮನೆಯ ಮೆಟ್ಟಿಲು ಮುಟ್ಟಿತು.