ಮೇಷ್ಟ್ರು ಎಂಬ ಸಮಸ್ಯೆ

"ನನ್ನ ಸಮಸ್ಯೆ ಅಂದ್ರೆ ಇತಿಹಾಸದ ಮೇಷ್ಟ್ರು."

ಹೆಡ್ ಮೇಡಂ ಕೋಣೆಯ ಅರ್ಧ ತೆರೆದ ಬಾಗಿಲಿನಿಂದ ಗಣಿತದ ಮೇಡಂ ದನಿ ಸ್ಪಷ್ಟವಾಗಿ ಕೇಳಿಸಿತು. ಹೊರಗೆ ಮ್ಯಾಪಿನ ಸುರುಳಿ ಹಿಡಿದು ಇತಿಹಾಸದ ಮೇಷ್ಟ್ರೇ ನಿಂತಿದ್ದ. ಮೇಷ್ಟ್ರು ಅಂದಕೂಡಲೇ ಕನ್ನಡಕದ ಮುದುಕನನ್ನು ಕಲ್ಪಿಸಿಕೊಳ್ಳಬೇಡಿ; ಮೂವತ್ತು ದಾಟದ ಹುಡುಗ, ಏಕವಚನದಲ್ಲಿ ಕರೆದರೆ ಬೇಜಾರು ಮಾಡಿಕೊಳ್ಳುವವನಲ್ಲ. ಆದರೆ ಈ ಒಂದು ಮಾತು ಅವನಿಗೆ ನಾಟಿತು. ಮುಂದಿನದನ್ನು ಕೇಳಲು ನಿಲ್ಲದೆ ಬಂದ ದಾರಿಯಲ್ಲೇ ಹೊರಟುಹೋದ.

ಪಾಪ, ಅವನಿಗೆ ಅವಳೆಂದರೆ ಪ್ರಾಣ.

ವರ್ಷದ ಆರಂಭದಲ್ಲಿ ಹಾಗಿರಲಿಲ್ಲ. ಯಾವ ವಿಷಯವೇ ಇರಲಿ, ಪ್ರಶ್ನೆ ಬಿಡಿಸುವ ಕ್ರಮ ಒಂದೇ ಎಂದು ಮಕ್ಕಳಿಗೆ ಕಲಿಸಲು ಹೆಡ್ ಮೇಡಂ ಇವರಿಬ್ಬರನ್ನು ಒಂಬತ್ತನೇ ಕ್ಲಾಸಿಗೆ ಜೋಡಿ ಹಾಕಿದಾಗ ಅವನು ಮೂಗು ಮುರಿದಿದ್ದ.

"ಯುದ್ಧ ಯಾಕಾಯ್ತು ಅನ್ನೋದಕ್ಕೆ ಸೂತ್ರ ಇರತ್ತಾ ಮೇಡಂ?"

"ಸೂತ್ರ ಬೇಡ ಮೇಷ್ಟ್ರೇ. ಏನು ಕೇಳಿದ್ದಾರೆ, ನಮಗೇನು ಗೊತ್ತು, ಯಾವ ದಾರಿ ಹಿಡೀಬೇಕು, ಬಂದ ಉತ್ತರ ಸರಿನಾ. ಅಷ್ಟು ನೋಡ್ಕೊಂಡ್ರೆ ಸಾಕು. ಲೆಕ್ಕಕ್ಕೂ ಅದೇ, ನಿಮ್ಮ ರಾಜರಿಗೂ ಅದೇ."

ಹೇಳುತ್ತ ಗಣಿತದ ಮೇಡಂ ಹಣೆಗೆ ಬಿದ್ದ ಕೂದಲನ್ನು ಚಾಕ್‌ಪೀಸ್ ಹಿಡಿದ ಬೆರಳಿಂದಲೇ ಸರಿಸಿದಳು. ಹುಬ್ಬಿನ ಮೇಲೆ ಒಂದು ಬಿಳಿ ಗೆರೆ ಉಳಿಯಿತು. ಹೇಳೋಣವೆಂದುಕೊಂಡ; ಅವಳು ಕಣ್ಣೆತ್ತಿ "ಏನು?" ಎಂದಾಗ ಬಾಯಿಗೆ ಬೀಗ ಬಿತ್ತು. ಇಡೀ ಪೀರಿಯಡ್ ಆ ಗೆರೆಯನ್ನೇ ನೋಡುತ್ತ ಕೂತ. ಅವತ್ತಿಂದ ಅವನು ಆ ಕ್ರಮದ ಪರಮಭಕ್ತ.

ಈಗ ನೋಡಿದರೆ ಅವನೇ ಸಮಸ್ಯೆಯಂತೆ! ಊರಿನ ಆ ತುದಿಯ ಬ್ರಾಂಚ್ ಶಾಲೆಗೆ ಇತಿಹಾಸದವರು ಬೇಕೆಂದು ಹೆಡ್ ಮೇಡಂ ಕೇಳುತ್ತಲೇ ಇದ್ದರು. ಅವನು ಏನೋ ನೆಪ ಹೇಳಿ ನುಣುಚಿಕೊಳ್ಳುತ್ತಿದ್ದ. ಅವತ್ತು ಸಂಜೆ ತಾನಾಗಿಯೇ ಹೋಗಿ "ಹೋಗ್ತೀನಿ" ಎಂದುಬಿಟ್ಟ. ಹೆಡ್ ಮೇಡಂ ಏನೋ ಹೇಳಹೊರಟರು. ಅದನ್ನೂ ಕೇಳಲಿಲ್ಲ, ಮಹಾರಾಯ.

ಮರುದಿನ ಜೋಡಿ ಕ್ಲಾಸು. ಅವಳು ಎಂದಿನಂತೆ ನಗುತ್ತ ಬಂದಳು. ಇವನು ಮುಖ ಊದಿಸಿಕೊಂಡು ಬೋರ್ಡಿನ ಮೇಲೆ ಪ್ರಶ್ನೆ ಬರೆದ: 'ಕೋಟೆಯೊಳಗಿನ ಜನ ಊರು ಬಿಟ್ಟು ಯಾಕೆ ಹೋದರು?'

"ಶತ್ರುಗಳು ಓಡಿಸಿದ್ರು ಸಾರ್!" ಹಿಂದಿನ ಬೆಂಚಿನಿಂದ ಒಬ್ಬಳು ಕೂಗಿದಳು. ಎಲ್ಲದಕ್ಕೂ ವಾದಕ್ಕೆ ನಿಲ್ಲುವ ಅವಳನ್ನು ಕ್ಲಾಸೆಲ್ಲ ಲಾಯರಮ್ಮ ಅನ್ನುತ್ತಿತ್ತು.

"ಇದು ನಿಂಗೆ ಗೊತ್ತಿರೋದೋ, ನೀನು ಅಂದ್ಕೊಂಡಿದ್ದೋ?" ಗಣಿತದ ಮೇಡಂ ಕೇಳಿದಳು.

"ಅಂದ್ಕೊಂಡಿದ್ದು ಮಿಸ್. ಆದ್ರೆ ಗ್ಯಾರಂಟಿ!"

ಎಲ್ಲರೂ ಗೊಳ್ಳೆಂದು ನಕ್ಕರು. "ಗೊತ್ತಿರೋದನ್ನ ಒಂದು ಕಡೆ ಬರಿ, ಅಂದ್ಕೊಂಡಿದ್ದನ್ನ ಇನ್ನೊಂದು ಕಡೆ," ಎಂದಳು ಮೇಡಂ. "ಎರಡನ್ನೂ ಕಲಸಿಬಿಟ್ರೆ, ಯಾರೂ ಓಡಿಸದೆ ಇದ್ರೂ ಓಡಿಸಿದ್ರು ಅಂತ ಬರ್ದುಬಿಡ್ತೀಯ."

ಮೇಷ್ಟ್ರು ತಬ್ಬಿಬ್ಬಾದ. ಅವನನ್ನೂ ಯಾರೂ ಓಡಿಸಿರಲಿಲ್ಲ. ಅವಳಿಗೆ ತಾನು ಬೇಡ ಅನ್ನುವುದು ಅಂದುಕೊಂಡಿದ್ದು. ಗೊತ್ತಿರುವುದು ಒಂದೇ ಒಂದು ವಾಕ್ಯ.

ಬೆಲ್ ಹೊಡೆದು ಮಕ್ಕಳು ಆಟಕ್ಕೆ ಓಡಿದ ಮೇಲೆ ಧೈರ್ಯ ಮಾಡಿದ. "ಮೇಡಂ, ನಿನ್ನೆ ಹೆಡ್ ಮೇಡಂ ಹತ್ರ ನನ್ನನ್ನ ಸಮಸ್ಯೆ ಅಂದ್ರಿ. ಕೇಳಿಸ್ತು."

ಅವಳ ಕಿವಿ ಕೆಂಪಾಯಿತು. "ಪೂರ್ತಿ ಕೇಳಿಸ್ಕೊಂಡ್ರಾ?"

"ಇಲ್ಲ. ಅಷ್ಟಕ್ಕೇ ಹೊರಟುಹೋದೆ."

"ಅಯ್ಯೋ! ಪ್ರಶ್ನೆ ಪೂರ್ತಿ ಓದಿ ಅಂತ ಮಕ್ಕಳ ಹತ್ರ ಬಾಯಿ ಬಡ್ಕೋತೀವಿ, ಮೇಷ್ಟ್ರೇ ಹಿಂಗಾ?" ಅವಳು ಡಸ್ಟರನ್ನು ಕೈಯಲ್ಲಿ ತಿರುಗಿಸಿದಳು, ಅವನನ್ನು ನೋಡಲಿಲ್ಲ. "ಅವರು ಶಾಲೇಲಿ ಹೆಡ್ಡು, ಮನೇಲಿ ನಂಗೆ ಚಿಕ್ಕಮ್ಮ. ಮದುವೆ ಮಾತೆತ್ತಿದ್ರೆ ತಪ್ಪಿಸ್ಕೋತೀಯಲ್ಲ, ಏನೇ ನಿನ್ನ ಸಮಸ್ಯೆ ಅಂತ ಕೇಳಿದ್ರು. ಹೇಳಿದೆ."

"ಏನಂತ?"

"ಇತಿಹಾಸದ ಮೇಷ್ಟ್ರು ಅಂತ. ಇದೊಂದನ್ನ ಬಿಡಿಸೋಕೂ ಆಗ್ತಿಲ್ಲ, ಬಿಡೋಕೂ ಮನಸ್ಸಿಲ್ಲ ಅಂತ."

ಇಂಥ ಸಮಸ್ಯೆಯಾಗುವುದಕ್ಕಿಂತ ದೊಡ್ಡ ಭಾಗ್ಯ ಇನ್ನಿಲ್ಲ ಅನ್ನಿಸಿತು ಅವನಿಗೆ. ಮರುಕ್ಷಣವೇ ನೆನಪಾಗಿ ಮುಖ ಪೆಚ್ಚಾಯಿತು.

"ನಾನು ಆ ಬ್ರಾಂಚಿಗೆ ಹೋಗ್ತೀನಿ ಅಂದ್ಬಿಟ್ಟೆ. ಬೆಳಿಗ್ಗೆ ಮ್ಯಾನೇಜ್‌ಮೆಂಟಿನ ಆರ್ಡರ್ ಬಂತು. ನನ್ನ ಜಾಗಕ್ಕೆ ಬೇರೆಯವರನ್ನೂ ಹಾಕಿದ್ದಾರೆ."

ಅವಳ ಕಣ್ಣು ತುಂಬಿ ಬಂತು. ಪ್ರೀತಿ ಸಿಕ್ಕ ದಿನವೇ ಕೈಯಾರೆ ಕೆಡಿಸಿಕೊಂಡೆನಲ್ಲ ಎಂದು ಅವನು ತನ್ನನ್ನೇ ಬೈದುಕೊಂಡ.

"ನಂಗೆ ನೀವಂದ್ರೆ ತುಂಬ ಇಷ್ಟ," ಎಂದ, ಬೇರೇನೂ ತೋಚದೆ. "ಯಾವಾಗಲೋ ಹೇಳಬೇಕಿತ್ತು."

"ಹೇಳಬೇಕಿತ್ತು," ಎಂದು ಅವಳು ಮೂಗೊರೆಸಿಕೊಂಡಳು. ಆಮೇಲೆ ಕಿಟಕಿಯತ್ತ ತಿರುಗಿದಳು. ಹುಬ್ಬು ಗಂಟಿಕ್ಕಿ, ಕೆಳತುಟಿ ಕಚ್ಚಿ ಯೋಚಿಸುವ ಆ ಮುಖ ಇನ್ನು ದಿನಾ ಕಾಣಸಿಗುವುದಿಲ್ಲವೆಂದು ಅವನು ಕಣ್ಣು ಮಿಟುಕಿಸದೆ ನೋಡಿದ.

"ಮೇಷ್ಟ್ರೇ, ಆ ಶಾಲೆಗೂ ಈ ಶಾಲೆಗೂ ನಡುವೆ ಎಲ್ಲಾದ್ರೂ ಬಾಡಿಗೆ ಮನೆ ಸಿಗತ್ತಾ?"

"ಯಾರಿಗೆ?"

"ಬೆಳಿಗ್ಗೆ ನೀವು ಆ ಕಡೆ, ನಾನು ಈ ಕಡೆ ಹೊರಡೋ ಹಾಗಿರಬೇಕು. ಸಂಜೆ ಯಾರು ಮೊದಲು ಬರ್ತಾರೋ ಅವರು ಬೀಗ ತೆಗೀಬೇಕು."

ಅರ್ಥವಾಗಲು ಅವನಿಗೆ ಒಂದು ಗಳಿಗೆ ಬೇಕಾಯಿತು. ಅವಳ ಕೈ ಹಿಡಿದುಕೊಂಡು ಜೋರಾಗಿ ತಲೆಯಾಡಿಸಿದ.

"ಅಡುಗೆಮನೆ ಮಾತ್ರ ದೊಡ್ಡದಿರಲಿ," ಎಂದಳು ಅವಳು, ಕೈ ಬಿಡಿಸಿಕೊಳ್ಳದೆ. "ನಂಗೆ ಅಡುಗೆ ಬರಲ್ಲ. ನಿಮಗೆ ಓಡಾಡೋಕೆ ಜಾಗ ಬೇಕಲ್ಲ."