ಎರಡನೇ ಬೇಸಿನ್

ಮರಿ ಮೇಸ್ತ್ರಿಗೆ ತಾಳ್ಮೆ ಇರಲಿಲ್ಲ.

ಕೈಯಲ್ಲಿ ಕೆಲಸವಿತ್ತು, ಬಾಯಿ ಜೋರಿತ್ತು, ಊರಿನ ಅರ್ಧ ಮನೆಗಳಿಗೆ ಪೈಪು ಜೋಡಿಸಿದ ಅಪ್ಪನ ಹೆಸರಿತ್ತು. ಅಡ್ಡಹೆಸರು ಬಂದದ್ದೂ ಆ ಅಪ್ಪನಿಂದಲೇ. ಆದರೆ ಎದುರಿಗಿದ್ದವರ ಮಾತು ಮುಗಿಯುವವರೆಗೆ ಸುಮ್ಮನೆ ನಿಲ್ಲುವುದು ಮಾತ್ರ ಅವಳ ಜಾಯಮಾನದಲ್ಲೇ ಇರಲಿಲ್ಲ.

ಲೆಕ್ಕದ ಮೇಷ್ಟ್ರ ಮನೆಗೆ ಮೊದಲ ದಿನ ಹೋದಾಗಲೂ ಅದೇ ಆಯಿತು. ಬಚ್ಚಲನ್ನು ಪೂರ್ತಿ ಒಡೆದು ಹೊಸದಾಗಿ ಮಾಡಿಸಬೇಕೆಂದು ಅವನು ಗೋಡೆಗೆ ನಕ್ಷೆ ಅಂಟಿಸಿ ಕಾಯುತ್ತಿದ್ದ. ಮೂರು ಬಣ್ಣದ ಗೆರೆಗಳು, ಒಂದೂ ಅಂಕುಡೊಂಕಿಲ್ಲ.

"ನಮಸ್ಕಾರ. ಇದು ವಾಶ್ ಬೇಸಿನ್, ಇದು..."

"ಈ ನೀಲಿ ಗೆರೆ?"

"ಕೊಳೆನೀರು ಹೋಗೋ ಪೈಪು."

"ನೆಟ್ಟಗಿದೆ."

"ಸ್ಕೇಲ್ ಇಟ್ಟು ಎಳೆದಿದ್ದು," ಎಂದ ಅವನು ಹೆಮ್ಮೆಯಿಂದ.

"ಅದೇ ಎಡವಟ್ಟು ಮೇಷ್ಟ್ರೇ! ನೀರಿಗೇನು ಕಾಲಿದೆಯಾ ನಡ್ಕೊಂಡು ಹೋಗೋಕೆ? ಇಲ್ಲಿಂದ ಹೊರಗಿನ ದೊಡ್ಡ ಪೈಪಿಗೆ ಎಂಟು ಅಡಿ. ಅಡಿಗೆ ಕಾಲಿಂಚು ಇಳಿಬೇಕು. ಒಟ್ಟು ಎಷ್ಟಾಯ್ತು?"

ಹಿಂದಿನ ಬೆಂಚಿನಿಂದ ಎಬ್ಬಿಸಿ ನಿಲ್ಲಿಸಿದ ಹುಡುಗನಂತೆ ಅವನು ತಡವರಿಸಿದ. "ಎ... ಎರಡಿಂಚು."

"ಪರವಾಗಿಲ್ಲ, ಪಾಸು."

ಅವನು ನಕ್ಕ. ತನ್ನನ್ನು ತಾನೇ ಹಾಸ್ಯ ಮಾಡಿಕೊಳ್ಳುವವರ ನಗು ಅದು. ಅವಳ ಕೈಯಿಂದ ಪೆನ್ಸಿಲ್ ಜಾರಿ ಬಿರುಕು ಬಿಟ್ಟ ನೆಲದ ಸಂದಿಗೆ ಬಿತ್ತು.

'ಥೂ! ಪೈಪು ನೋಡೋಕೆ ಬಂದವಳು ಪೈಪು ನೋಡು...'

ಆದರೆ ಕೆಲಸ ಮುಂದೆ ಸಾಗಲೇ ಇಲ್ಲ. ನೆಲ ಅಗೆದು ಪೈಪು ಹಾಸುವ ದಿನ ಅವನು ಹೊಸ ನಕ್ಷೆ ಹಿಡಿದು ಬಂದ. "ಒಂದು ಬೇಸಿನ್ ಸಾಲದು ಅನ್ಸುತ್ತೆ. ಎರಡಿರಲಿ?"

ಅವಳು ಕೂತು ಮತ್ತೆ ಲೆಕ್ಕ ಹಾಕಿದಳು. ಬೇಸಿನ್ನಿನ ಕೆಳಗೆ ನೀರು ಹಿಡಿದಿಟ್ಟು ವಾಸನೆ ತಡೆಯುವ ಬಾಗಿದ ಪೈಪು, ಅಂದರೆ ಟ್ರ್ಯಾಪ್, ಎರಡಕ್ಕೂ ಬೇರೆ ಬೇರೆ ಬೇಕು. ಒಂದರ ನೀರು ಬಿಟ್ಟಾಗ ಇನ್ನೊಂದು ಗೊರಗೊರ ಅನ್ನದಂತೆ ಮೇಲಕ್ಕೊಂದು ಗಾಳಿಪೈಪು ಬೇಕು. ಎಲ್ಲ ಮುಗಿಸಿ ಎದ್ದರೆ, ಮುಂದಿನ ವಾರ ಮತ್ತೊಂದು ನಕ್ಷೆ! ಎರಡನೆಯದು ಕಿಟಕಿಯ ಪಕ್ಕಕ್ಕೆ ಹೋಗಬೇಕಂತೆ.

"ಅದೇನೇ ಅದು, ಬಚ್ಚಲೋ ಅಣೆಕಟ್ಟೋ?" ಎಂದು ಅಪ್ಪ ಕೇಳಿದ. "ಇಷ್ಟೊತ್ತಿಗೆ ನಾನು ಒಂದು ಹಾಸ್ಟೆಲ್ ಮುಗಿಸಿರ್ತಿದ್ದೆ. ನೀನು ಬೈಯಲ್ವಾ ಅವರಿಗೆ?"

"ಬೈತೀನಿ ಅಪ್ಪ."

ಬೈದಿರಲಿಲ್ಲ. ಬಚ್ಚಲು ಮುಗಿದರೆ ಆ ಮನೆಯ ಮೆಟ್ಟಿಲು ಹತ್ತಲು ಅವಳಿಗೆ ಕಾರಣವೇ ಉಳಿಯುತ್ತಿರಲಿಲ್ಲ. ಅದು ನೆನಪಾದಾಗಲೆಲ್ಲ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಊಟಕ್ಕೆ ಕೂತರೆ ಎದ್ದು ಓಡಾಡಬೇಕು, ಓಡಾಡಿದರೆ ಎಲ್ಲಾದರೂ ಒರಗಬೇಕು. ಅಳೆದ ಗೋಡೆಯನ್ನೇ ಮೂರು ಸಲ ಅಳೆಯುತ್ತಿದ್ದಳು.

ಮೂರನೇ ಬದಲಾವಣೆಯ ದಿನ ಅವನು ನಕ್ಷೆ ತಂದಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ.

"ಮೇಸ್ತ್ರಿ... ಎರಡನೇ ಬೇಸಿನ್ ನಾಲ್ಕಿಂಚು ತಗ್ಗಿಗಿರಲಿ."

"ಯಾಕೆ?"

"ಅದು... ಈ ಮನೆಗೆ ಬರೋರಿಗೆ. ಎತ್ತರ ಸ್ವಲ್ಪ ಕಮ್ಮಿ."

ಅವಳು ಅಳತೆ ಟೇಪು ಎಳೆದಳು. "ಎಷ್ಟು ಕಮ್ಮಿ?"

ಅವನು ಅವಳನ್ನು ನೋಡಿದ, ತಕ್ಷಣ ಕಿಟಕಿಯತ್ತ ತಿರುಗಿದ. "ನಿಮ್ಮಷ್ಟೇ."

'ನನ್ನಷ್ಟೇ ಎತ್ತರದ ಇನ್ಯಾರೋ! ಅವಳ ಕೈತೊಳೆಯೋ ನೀರಿಗೆ ದಾರಿ ಮಾಡೋಳು ನಾನು...'

"ಓಹೋ, ಮದುವೆ ಗೊತ್ತಾಗಿದೆ ಅನ್ನಿ!"

"ಇಲ್ಲ ಮೇಸ್ತ್ರಿ, ಅವರನ್ನ ಇನ್ನೂ..."

ಅವಳು ಗೋಡೆ ಕೊರೆಯುವ ಮೆಷಿನ್ ಚಾಲೂ ಮಾಡಿಬಿಟ್ಟಳು. ಬಚ್ಚಲು ತುಂಬ ಸದ್ದು, ಧೂಳು. ಅವನ ತುಟಿ ಒಂದಷ್ಟು ಹೊತ್ತು ಆಡಿತು, ಆಮೇಲೆ ಅವನು ಹೊರಟುಹೋದ.

ವಾರಗಟ್ಟಲೆ ಎಳೆದ ಕೆಲಸವನ್ನು ಅವಳು ಎರಡು ದಿನದಲ್ಲಿ ಬಡಿದು ಮುಗಿಸಿದಳು. ಪೈಪು ಗೋಡೆಯೊಳಗೆ ಹೋಯಿತು, ಸಿಮೆಂಟು ಬಿತ್ತು, ಟೈಲ್ಸ್‌ನವನು ಬಂದು ಟೈಲ್ಸ್ ಹಾಕಿ ಹೋದ. ಆ ಎರಡು ದಿನ ಮೇಷ್ಟ್ರು ಎದುರಿಗೆ ಬಂದರೆ ಅವಳು ಪೈಪಿನ ಜೊತೆ ಮಾತಾಡುತ್ತಿದ್ದಳು.

ಬೇಸಿನ್ ಕೂರಿಸುವ ದಿನ ಅವನು ಶಾಲೆಗೆ ಹೋಗಿದ್ದ. ಬಾಗಿಲಲ್ಲಿ ಅವನ ತಾಯಿ ಸ್ಟೂಲು ಹಾಕಿಕೊಂಡು ಕೂತಿದ್ದರು. ಮೊದಲ ಬೇಸಿನ್ ಚೆನ್ನಾಗಿ ಕೂತಿತು. ಎರಡನೆಯದನ್ನು ನಾಲ್ಕಿಂಚು ತಗ್ಗಿಗೆ ಬಿಗಿದು, ಟ್ರ್ಯಾಪ್ ಜೋಡಿಸಲು ಬಗ್ಗಿದಾಗಲೇ ಅದು ಕಣ್ಣಿಗೆ ಬಿತ್ತು.

ಕೊಳೆನೀರು ಒಳಸೇರಬೇಕಾದ ಗೋಡೆಯ ತೂತು ಟ್ರ್ಯಾಪಿಗಿಂತ ಮೇಲಿತ್ತು.

ಬೇಸಿನ್ ಇಳಿದಿತ್ತು, ತೂತು ಇಳಿದಿರಲಿಲ್ಲ! ಅಂದಿನ ಸಿಟ್ಟಿನಲ್ಲಿ ಎರಡೂ ತೂತನ್ನು ಒಂದೇ ಮಟ್ಟಕ್ಕೆ ಗುರುತು ಹಾಕಿದ್ದಳು. ನಂಬಲಾಗದೆ ಹೇಗೋ ಪೈಪು ಸೇರಿಸಿ ಒಂದು ಚೊಂಬು ನೀರು ಸುರಿದಳು. ನೀರು ಅಲ್ಲೇ ನಿಂತಿತು.

ಗೋಡೆಗೆ ಬೆನ್ನು ಕೊಟ್ಟು ಕೂತುಬಿಟ್ಟಳು. ಕಣ್ಣು ತುಂಬಿತು.

"ಏನಾಯ್ತೇ?"

"ತಪ್ಪಾಯ್ತು ಅಮ್ಮ. ಟೈಲ್ಸ್ ಒಡಿಬೇಕು. ಮದುವೆಯೊಳಗೆ ಸರಿ ಮಾಡಿಕೊಡ್ತೀನಿ."

"ಯಾರ ಮದುವೆ?"

"ಮೇಷ್ಟ್ರದ್ದು..."

"ಹೆತ್ತವಳಿಗೆ ಗೊತ್ತಿಲ್ಲದ ಮದುವೆ ಪೈಪಿನವಳಿಗೆ ಹೇಗೆ ಗೊತ್ತಾಯ್ತು?"

ಅವಳು ಕಣ್ಣೊರೆಸಿಕೊಂಡು ತಾಯಿಯತ್ತ ತಿರುಗಿದಳು.

"ನೀನು ಬರೋ ದಿನ ಇಸ್ತ್ರಿ ಶರ್ಟ್ ಹಾಕ್ತಾನೆ ಕಣೇ ಅವನು. ಒಡೆದ ಬಚ್ಚಲಿನ ಧೂಳಲ್ಲಿ ಇಸ್ತ್ರಿ ಶರ್ಟ್! ಕೆಲಸ ಮುಗಿಯೋ ಹಾಗಾದ್ರೆ ಸಾಕು, ಇನ್ನೊಂದು ನಕ್ಷೆ ಎಳೀತಾನೆ. ಇಷ್ಟು ದಿನ ನೀರು ಹೊತ್ತೋಳು ನಾನು." ತಾಯಿ ಎದ್ದು ಸೀರೆ ಕೊಡವಿಕೊಂಡರು. "ಒಬ್ಬನಿಗೆ ಬಾಯಿಲ್ಲ, ಒಬ್ಬಳಿಗೆ ಕಿವಿ ಇಲ್ಲ. ಚೆನ್ನಾಗಿದೆ ಜೋಡಿ."

ಮಧ್ಯಾಹ್ನ ಅವನು ಬರುವ ಹೊತ್ತಿಗೆ ಅವಳು ಬಚ್ಚಲಿನ ಉದ್ದಕ್ಕೂ ನೂರು ಸಲ ತಿರುಗಿದ್ದಳು. ಅವನು ನಿಂತ ನೀರು ನೋಡಿದ, ಅವಳ ಕೆಂಪು ಕಣ್ಣು ನೋಡಿದ.

"ಅವತ್ತು ಏನು ಹೇಳೋಕೆ ಹೊರಟಿದ್ರಿ?" ಎಂದಳು. "ಈಗ ಪೂರ್ತಿ ಹೇಳಿ. ಮೆಷಿನ್ ಆಫ್ ಆಗಿದೆ."

"ಅವರನ್ನ ಇನ್ನೂ ಕೇಳಿಲ್ಲ ಅಂತ..." ಈ ಸಲ ಅವನು ಕಿಟಕಿಯತ್ತ ತಿರುಗಲಿಲ್ಲ. "ಯಾಕಂದ್ರೆ ಅವರು ನೀವೇ."

ಅವಳು ಸೊಂಟದ ಮೇಲೆ ಕೈಯಿಟ್ಟಳು.

"ನನ್ನನ್ನ ಕೇಳದೇ ನನಗೆ ಬೇಸಿನ್ನಾ?! ಅಳತೆ ಯಾವಾಗ ತಗೊಂಡ್ರಿ?"

"ಎದುರಿಗೆ ನಿಂತಾಗ ನಿಮ್ಮ ತಲೆ ನನ್ನ ಭುಜಕ್ಕೆ ಬರುತ್ತೆ. ಮಿಕ್ಕಿದ್ದು ಲೆಕ್ಕ ಹಾಕ್ದೆ. ತಪ್ಪಾಗಿದ್ರೆ... ಗೋಡೆ ಹೀಗೇ ಇರಲಿ. ಆ ಬೇಸಿನ್ ತೆಗೆಸಿಬಿಡ್ತೀನಿ."

ಅವಳು ಮೂಗೊರೆಸಿಕೊಂಡು, ತಗ್ಗಿನ ಬೇಸಿನ್ನಿನ ಮುಂದೆ ನಿಂತು ಕೈತೊಳೆಯುವವಳಂತೆ ಬಗ್ಗಿ ನೋಡಿದಳು.

"ಲೆಕ್ಕ ತಪ್ಪಿದೆ ಮೇಷ್ಟ್ರೇ. ನಾಲ್ಕಿಂಚು ಇಳಿಸಿದ್ರೆ ದಿನಾ ಬಗ್ಗಿ ಬಗ್ಗಿ ನನ್ನ ಸೊಂಟ ಬಿದ್ದುಹೋಗುತ್ತೆ. ಎರಡು ಸಾಕು."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. "ದಿನಾ... ಅಂದ್ರೆ?"

"ಅಂದ್ರೆ ಸುತ್ತಿಗೆ ಕೊಡಿ. ಗೋಡೆ ಒಡಿಬೇಕು."

"ನಾನೂ ಒಡೀಲಾ?"

"ಇಸ್ತ್ರಿ ಶರ್ಟ್ ಕೊಳೆ ಆಗುತ್ತೆ."

"ಆಗ್ಲಿ," ಎಂದು ಅವನು ಅವಳ ಪಕ್ಕದಲ್ಲೇ ಮಂಡಿಯೂರಿದ.

ಒಡೆದ ಟೈಲ್ಸ್ ಒಂಬತ್ತು. ಕತ್ತರಿಸಿ ಎಸೆದ ಪೈಪು ಎರಡು ಅಡಿ. ಬಾಯಿ ಬಿಡದೆ ಕಳೆದ ದಿನ ನಲವತ್ತೊಂದು.