ಹಲ್ಲಿನ ಕ್ಲಿನಿಕ್ಕಿನಲ್ಲಿ ಕುಸ್ತಿ

ಕಾಯುವ ಕೋಣೆಯ ಟಿ.ವಿ.ಯಲ್ಲಿ ಹಲ್ಲುಜ್ಜುವ ಪಾಠ ನಡೆಯುತ್ತಿತ್ತು. ಇದ್ದಕ್ಕಿದ್ದಂತೆ ಬ್ರಷ್ ಮಾಯವಾಯಿತು. ಇಬ್ಬರು ಪೈಲ್ವಾನರು ಬಂದರು. ಒಬ್ಬನ ಹಲ್ಲು ಹಾರಿತು. ಕಾಯುತ್ತಿದ್ದ ಇಬ್ಬರು ರೋಗಿಗಳು ಎದ್ದು ನಡೆದರು.

ಈ ವಾರ ಇದು ಮೊದಲ ಸಲವೇನಲ್ಲ.

ಕ್ಲಿನಿಕ್ಕಿನ ವೈಫೈಗೆ ಸೇರಿದವರು ಮಾತ್ರ ಆ ಟಿ.ವಿ.ಗೆ ಚಿತ್ರ ಕಳಿಸಬಹುದು. ಪಾಸ್‌ವರ್ಡ್ ಗೊತ್ತಿದ್ದವರು ಇಬ್ಬರೇ: ಡಾಕ್ಟರು, ಮತ್ತು ಮುಂದಿನ ಮೇಜಿನಲ್ಲಿ ಕೂರುವ ನನ್ನ ಚಿಕ್ಕಮ್ಮ. ಅವಳೇ ಅದನ್ನು ಎದುರು ಬೀದಿಯ ಹಲ್ಲಿನ ಡಾಕ್ಟರಿಗೆ ಹೇಳಿಕೊಟ್ಟಿದ್ದಾಳೆಂದು ನಮ್ಮ ಡಾಕ್ಟರು ತೀರ್ಮಾನಿಸಿದರು. ನಾಳೆಯಿಂದ ಬರಬೇಡಿ ಎಂದರು.

ಚಿಕ್ಕಮ್ಮ ಅಳಲಿಲ್ಲ. ಸ್ಟೇಪ್ಲರನ್ನು ಜೋರಾಗಿ ಒತ್ತತೊಡಗಿದಳು.

ಹಲ್ಲುನೋವಿಗೆ ಬಂದು ಮೂಲೆಯಲ್ಲಿ ಮುದುಡಿ ಕೂತಿದ್ದ ನಾನು ಹೇಗೋ ಎದ್ದು ನಿಂತೆ.

"ಪಾಸ್‌ವರ್ಡ್ ಬದಲಾಯಿಸಿ ನೋಡಿ ಸಾರ್. ಯಾರಿಗೂ ಹೇಳ್ಬೇಡಿ. ಚಿಕ್ಕಮ್ಮಂಗೂ. ಏನಾಗುತ್ತೋ ನೋಡೋವರೆಗೆ ಅವಳು ಬರ್ಲಿ."

\*

ಮರುದಿನ ಮಧ್ಯಾಹ್ನ ಪೈಲ್ವಾನರು ಮತ್ತೆ ಬಂದರು.

"ಈಗ ಪಾಸ್‌ವರ್ಡ್ ಗೊತ್ತಿರೋದು ನಿಮಗೊಬ್ಬರಿಗೇ," ಎಂದಳು ಚಿಕ್ಕಮ್ಮ. "ಕುಸ್ತಿ ಹುಚ್ಚು ಯಾವಾಗಿಂದ?"

ಬೀಗ ಬದಲಾದರೂ ಕಳ್ಳ ಬಂದನೆಂದರೆ ಅವನು ಕೀಲಿ ಬಳಸುತ್ತಿಲ್ಲ, ಬೇರೆ ಬಾಗಿಲಿದೆ. ಚಿಕ್ಕಮ್ಮನ ಹಿಂದಿನ ಕಪಾಟಿನಲ್ಲಿದ್ದ ವೈಫೈ ರೂಟರನ್ನು ತಿರುಗಿಸಿದೆ. ಬೆನ್ನಿನಲ್ಲೊಂದು ಗುಂಡಿ. ಅದನ್ನು ಒತ್ತಿದರೆ, ಹತ್ತಿರ ಕಾದಿರುವ ಫೋನನ್ನು ಪಾಸ್‌ವರ್ಡ್ ಕೇಳದೆಯೇ ಒಳಗೆ ಬಿಟ್ಟುಕೊಳ್ಳುತ್ತದೆ. ಮೈಯೆಲ್ಲ ಧೂಳು, ಗುಂಡಿ ಮಾತ್ರ ಫಳಫಳ. ಎದುರಿನ ಡಾಕ್ಟರು ಇಲ್ಲಿ ಕಾಲಿಟ್ಟವರೇ ಅಲ್ಲ. ಇದು ಒಳಗಿನವರ ಕೈಯೇ.

ಡಾಕ್ಟರು ಚಿಕ್ಕಮ್ಮನ ಕುರ್ಚಿಯನ್ನು ನೋಡಿದರು, ಕಪಾಟನ್ನು ನೋಡಿದರು. ನನ್ನ ಜಾಣತನ ಅವಳ ಕುತ್ತಿಗೆಗೇ ಬಂತು.

\*

ಮರುದಿನ ಪಾಸ್‌ವರ್ಡ್ ಮತ್ತೆ ಬದಲಾಯಿತು. ಚಿಕ್ಕಮ್ಮನನ್ನು ಒಳಕೋಣೆಯಲ್ಲಿ ಕೂರಿಸಿ, ಡಾಕ್ಟರೂ ನಾನೂ ಬಾಗಿಲ ಸಂದಿಯಿಂದ ನೋಡುತ್ತ ಕಾದೆವು.

ಮಹಡಿಯ ಮನೆಯಿಂದ ಡಾಕ್ಟರ ತಾಯಿ ಮಗನ ಊಟ ಹಿಡಿದು ಬಂದರು. ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಆಚೀಚೆ ನೋಡಿ, ಕಪಾಟಿಗೆ ಕೈ ಹಾಕಿದರು. ರೂಟರಿನ ದೀಪ ಮಿಟುಕತೊಡಗಿತು. ಇನ್ನೊಂದು ಕೈಯಲ್ಲಿ ಫೋನು.

"ಅಮ್ಮಾ," ಎಂದರು ಡಾಕ್ಟರು.

"ಪಾಸ್‌ವರ್ಡ್ ಕೇಳಿದ್ರೆ ಕಣ್ಣು ಹಾಳಾಗುತ್ತೆ ಅಂತೀಯ. ವೈಫೈ ಹಾಕೋಕೆ ಬಂದಿದ್ದವನು ಇದನ್ನ ಒತ್ತಿ ಸಾಕು ಅಂದಿದ್ದ."

ಕುಸ್ತಿ ನೋಡುವಾಗ ಚಿತ್ರ ದೊಡ್ಡದಾಗಲೆಂದು ಅವರು ಫೋನಿನಲ್ಲಿ ಏನೋ ಗುರುತು ಮುಟ್ಟುತ್ತಿದ್ದರಂತೆ. ಮುಟ್ಟಿದ ಕೂಡಲೇ ಫೋನಿನಿಂದ ಪೈಲ್ವಾನರು ಮಾಯ. ಎಲ್ಲಿಗೆ ಹೋಗುತ್ತಿದ್ದರೆಂದು ಅವರಿಗೆ ಈಗ ಹೊಳೆಯಿತು. ಟಿ.ವಿ.ಯನ್ನು ನೋಡಿ, ಕಾದಿದ್ದ ರೋಗಿಯತ್ತ ತಿರುಗಿದರು.

"ನಿನ್ನೆ ಯಾರು ಗೆದ್ದಿದ್ದು?"

"ಕೆಂಪು ಚಡ್ಡಿಯವನು," ಎಂದರು ರೋಗಿ, ಊದಿದ ಕೆನ್ನೆ ಹಿಡಿದುಕೊಂಡು.

ಡಾಕ್ಟರು ಆ ಗುಂಡಿ ಇನ್ನು ಕೆಲಸವೇ ಮಾಡದಂತೆ ಮಾಡಿದರು. ಆಮೇಲೆ ನೆಲ ನೋಡುತ್ತ, ನಾಳೆಯೂ ಬನ್ನಿ ಎಂದು ಚಿಕ್ಕಮ್ಮನಿಗೆ ಹೇಳಿದರು.

"ಬರ್ತೀನಿ," ಎಂದಳು ಅವಳು. "ಹೊಸ ಪಾಸ್‌ವರ್ಡ್ ಮಾತ್ರ ನಾನಿಡ್ತೀನಿ. ನಿಮಗೆ ಬೇಕಾದಾಗ ನನ್ನ ಕೇಳಿ."

ಡಾಕ್ಟರು ಬಾಯಿ ತೆರೆದರು. ತಮ್ಮ ಕುರ್ಚಿಯಲ್ಲಿ ಒರಗಿದ ರೋಗಿಗಳ ಹಾಗೆ, ಅಗಲವಾಗಿ.